ಬಾಳ್ಳುಪೇಟೆಗೆ ಬರಲಿರುವ ಅಷ್ಟಪದಿ

ಕಳೆದ ಭಾನುವಾರ ಬಾಳ್ಳುಪೇಟೆಯ ಅಕ್ಕನ ಮನೆಯಲ್ಲಿ ಊಟ ಮುಗಿಸಿ, ಎಲೆಯಡಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಜಗಲಿಯ ಮೇಲೆ ಕುಳಿತಿದ್ದೆ. ನನ್ನ ಸೋದರಳಿಯನು ದೊಡ್ಡ ಹಾಳೆಯೊಂದನ್ನು ಸುರುಳಿ ಸುತ್ತಿಕೊಂಡು ಬಂದನು. ಸುರುಳಿ ಸುತ್ತಿದ ಹಾಳೆಯೆಂದರೆ ನನಗೆ ಮೊದಲಿನಿಂದಲೂ ಅಂಜಿಕೆ. ಮಲೆನಾಡಿನ ಮನೆಗಳಲ್ಲಿ ಅದು ಸಾಮಾನ್ಯವಾಗಿ ಜಮೀನಿನ ಪಾಲಿನ ನಕ್ಷೆಯಾಗಿರುತ್ತದೆ. ಅದನ್ನು ಬಿಚ್ಚಿದ ಮೇಲೆ ಆ ಮನೆಯಲ್ಲಿ ಮತ್ತೆ ನೆಮ್ಮದಿಯ ಊಟವಾಗುವುದು ಕಷ್ಟ.

“ಮಾವ, ಒಂದು ಅಷ್ಟಪದಿಯನ್ನು ಸಾಕಬೇಕೆಂದಿದ್ದೇನೆ” ಎಂದನು.

“ಜಯದೇವ ಕವಿಯದಲ್ಲವೆ? ಅದನ್ನು ಹಾಡಿದರೆ ಸಾಲದೆ, ಸಾಕುವುದೇಕೆ?” ಎಂದೆ.

ಅವನು ನಗಲಿಲ್ಲ. ಮಂಗಳೂರಿನಲ್ಲಿ ಮೂರು ವರ್ಷ ಓದಿ ಬಂದವನು. ಅಲ್ಲಿ ಸಮುದ್ರದ ರುಚಿ ಹತ್ತಿದೆ. ಈಗ ತೋಟ ನೋಡಿಕೊಳ್ಳಲೆಂದು ಊರಿಗೆ ಮರಳಿದ್ದಾನೆ. ಅವನು ಹೇಳಿದ ಅಷ್ಟಪದಿ ಎಂಟು ತೋಳುಗಳ ಜಲಚರ, ಆಕ್ಟೋಪಸ್. ಮಂಗಳೂರಿನ ಮೀನುಪೇಟೆಯಲ್ಲಿ ಮಾರುವ ಬೊಂಡಾಸಿನ ಬಂಧು. ಆಲೂರಿಗೂ ಸಕಲೇಶಪುರಕ್ಕೂ ನಡುವೆ, ಸಮುದ್ರದಿಂದ ಹೆಚ್ಚು ಕಡಿಮೆ 140 ಕಿಲೋಮೀಟರು ದೂರದಲ್ಲಿ, ಘಟ್ಟದ ಮೇಲಿರುವ ಕಾಫಿ ತೋಟದ ಮನೆಯೊಳಗೆ ಅದನ್ನು ಇರಿಸಿಕೊಳ್ಳಬೇಕೆಂಬುದು ಅವನ ಸಂಕಲ್ಪ. ಹಾಳೆಯ ಮೇಲೆ ತೊಟ್ಟಿ, ಕೊಳಾಯಿ, ಪಂಪು, ಸೋಸುವ ಪೆಟ್ಟಿಗೆ ಎಲ್ಲವನ್ನೂ ಅಳತೆಯೊಡನೆ ಬರೆದಿದ್ದನು. ಬಾಣದ ಗುರುತುಗಳಿಂದ ನೀರು ಹರಿಯುವ ದಿಕ್ಕನ್ನೂ ತೋರಿಸಿದ್ದನು. ಒಪ್ಪಬೇಕಾದ ಮಾತೆಂದರೆ, ನಕ್ಷೆ ಚೆನ್ನಾಗಿತ್ತು. ನಮ್ಮ ಊರುಗಳ ಎಷ್ಟೋ ಕುಡಿಯುವ ನೀರಿನ ಯೋಜನೆಗಳಿಗಿಂತ ಚೆನ್ನಾಗಿತ್ತು.

ಆದರೂ ಅದನ್ನು ಎರಡು ಗಂಟೆಯ ಕಾಲ ನೋಡಿ, ಅಲ್ಲಲ್ಲಿ ಕೆಂಪು ಸೀಸದ ಕಡ್ಡಿಯಿಂದ ಗುರುತು ಹಾಕಬೇಕಾಯಿತು. ಆ ಗುರುತುಗಳ ವೃತ್ತಾಂತವೇ ಈ ವಾರದ ಬರಹ.

ಪ್ರಾಣಿಯನ್ನು ತಿಳಿಯದೆ ಅದರ ಕೊಳಾಯಿಯನ್ನು ತಿಳಿಯುವಂತಿಲ್ಲ. ಅಷ್ಟಪದಿಗೆ ಎಲುಬಿಲ್ಲ, ಹೃದಯಗಳು ಮಾತ್ರ ಮೂರು. ಎರಡು ಹೃದಯಗಳು ಕಿವಿರುಗಳಿಗೆ ರಕ್ತವನ್ನು ನೂಕುತ್ತವೆ, ಮೂರನೆಯದು ಉಳಿದ ದೇಹಕ್ಕೆ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣ. ಅದರಿಂದ ನಮ್ಮ ರಕ್ತ ಕೆಂಪು. ಅಷ್ಟಪದಿಯ ರಕ್ತದಲ್ಲಿ ಆ ಕೆಲಸವನ್ನು ತಾಮ್ರ ಮಾಡುತ್ತದೆ. ಅದರಿಂದ ಅದರ ರಕ್ತ ನೀಲಿ. ಕಬ್ಬಿಣದಷ್ಟು ಸಮರ್ಥವಾಗಿ ತಾಮ್ರವು ಈ ಹೊರೆಯನ್ನು ಹೊರಲಾರದು. ಆದಕಾರಣ ಅಷ್ಟಪದಿಯ ನೀರಿನಲ್ಲಿ ಗಾಳಿ ಯಾವಾಗಲೂ ಧಾರಾಳವಾಗಿ ಬೆರೆತಿರಬೇಕು. ಅದು ಬರಿಯ ಮಾಂಸಾಹಾರಿ. ಏಡಿ, ಸೀಗಡಿಗಳನ್ನು ತಿಂದು, ತನ್ನಷ್ಟೇ ತೂಕದ ಮೀನಿಗಿಂತ ಹೆಚ್ಚಾಗಿ ನೀರನ್ನು ಕೆಡಿಸುತ್ತದೆ. ಹೆದರಿದರೆ ಮಸಿಯನ್ನು ಕಾರುತ್ತದೆ. ಕಡಲಿನಲ್ಲಿ ಆ ಮಸಿ ಕ್ಷಣದಲ್ಲಿ ಕರಗಿಹೋದೀತು. ಗಾಜಿನ ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು?

ತನ್ನ ರಕ್ತದಲ್ಲಿಯೇ ತಾಮ್ರವನ್ನಿಟ್ಟುಕೊಂಡಿರುವ ಈ ಪ್ರಾಣಿಗೆ ನೀರಿನಲ್ಲಿ ಕರಗಿದ ತಾಮ್ರವು ವಿಷ. ನನ್ನ ಮೊದಲ ಕೆಂಪು ಗುರುತು ಬಿದ್ದದ್ದು ಇಲ್ಲಿ. ಬಾಳ್ಳುಪೇಟೆಯ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲವೆಂದು ನನ್ನ ಭಾವನೆ.

ಕಾರಣವನ್ನು ತೋಟದವರಿಗೆ ಹೇಳಬೇಕಾದ್ದಿಲ್ಲ. ಮುಂಗಾರು ಹಿಡಿಯುವುದಕ್ಕೆ ಮುಂಚೆ ಒಮ್ಮೆ, ಮಳೆಯ ನಡುವೆ ಬಿಡುವು ಸಿಕ್ಕಾಗ ಇನ್ನೊಮ್ಮೆ, ಕಾಫಿ, ಮೆಣಸು, ಅಡಕೆಗಳಿಗೆ ನಾವು ಹೊಡೆಯುವ ಬೋರ್ಡೋ ದ್ರಾವಣವೆಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತವೆಂದರೆ ತಾಮ್ರದ ಲವಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಎಂಬ ಕೆನಡಾ ದೇಶದ ವಿಜ್ಞಾನಿಯು 1910ರ ಸುಮಾರಿನಲ್ಲಿ ಅಡಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಈ ದ್ರಾವಣದ ಬಳಕೆಯನ್ನು ಮಲೆನಾಡಿನ ರೈತರಿಗೆ ತೋರಿಸಿಕೊಟ್ಟನು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದವನೂ ಅವನೇ. ನಮ್ಮ ‘ಕೊಳೆರೋಗ’ ಎಂಬ ಪದವು ಇಂಗ್ಲಿಷ್ ಗ್ರಂಥಗಳನ್ನು ಸೇರಿತು. ಅವರ ಬೋರ್ಡೋ ನಮ್ಮ ಪೀಪಾಯಿಗಳನ್ನು ಸೇರಿತು. ಲೇವಾದೇವಿ ಸರಿಹೋಯಿತೆನ್ನಬೇಕು.

ಅಳಿಯನ ನಕ್ಷೆಯಲ್ಲಿ ಉಪ್ಪುನೀರನ್ನು ಕದಡಲು 200 ಲೀಟರಿನ ಒಂದು ಪೀಪಾಯಿ ಇತ್ತು.

“ಇದು ಯಾವ ಪೀಪಾಯಿ?” ಎಂದು ಕೇಳಿದೆ.

“ಹಿತ್ತಿಲಿನಲ್ಲಿದೆಯಲ್ಲ ಮಾವ, ಔಷಧಿ ಕಲಸುವುದು. ಚೆನ್ನಾಗಿ ತೊಳೆಯುತ್ತೇನೆ.”

ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಶೇಕಡಾ ಒಂದರ ಬೋರ್ಡೋ ದ್ರಾವಣದಲ್ಲಿ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ. ಮೈಲುತುತ್ತದಲ್ಲಿ ತಾಮ್ರವು ತೂಕದ ಕಾಲು ಪಾಲು. ಅಂದರೆ ಲೀಟರೊಂದಕ್ಕೆ ಎರಡೂವರೆ ಗ್ರಾಂ ತಾಮ್ರವಾಯಿತು. ಪೀಪಾಯಿಯ ಒಳಮೈಗೆ ಅಂಟಿ ಒಣಗಿರುವುದು ಎರಡು ದೊಡ್ಡ ಚಮಚೆಯಷ್ಟು, ಅಂದರೆ 30 ಮಿಲಿಲೀಟರು ದ್ರಾವಣದ ಕಾಟು ಮಾತ್ರ ಎಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು 75 ಮಿಲಿಗ್ರಾಂ ತಾಮ್ರವಿದೆ. ಅವನ ಯೋಜನೆಯಲ್ಲಿ ಒಟ್ಟು ನೀರು 500 ಲೀಟರು. ಎಲ್ಲವೂ ಕರಗಿತೆಂದರೆ ಲೀಟರಿಗೆ 0.15 ಮಿಲಿಗ್ರಾಂ. ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ. ಆದರೆ ಸಮುದ್ರದ ಮೀನುಗಳ ಮೈಗೆ ಹತ್ತುವ ಕ್ಷುದ್ರ ಜೀವಿಗಳನ್ನು ಕೊಲ್ಲುವುದಕ್ಕೆ ಮೀನು ಸಾಕುವವರು ನೀರಿಗೆ ಔಷಧಿಯಾಗಿ ಬೆರೆಸುವ ತಾಮ್ರದ ಪ್ರಮಾಣವೂ ಸರಿಸುಮಾರು ಅಷ್ಟೆ, ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಆ ನೀರಿನಲ್ಲಿ ಮೀನು ಬದುಕುತ್ತದೆ. ಏಡಿ, ಶಂಖದ ಹುಳು, ಅಷ್ಟಪದಿಗಳು ಬದುಕುವುದಿಲ್ಲ. ಸುಣ್ಣ ಬೆರೆತ ತಾಮ್ರವು ಅಷ್ಟು ಸುಲಭವಾಗಿ ಕರಗದೆಂಬುದು ನಿಜ. ಆದರೆ ಒಂದು ಜೀವವನ್ನು ಆ ಭರವಸೆಯ ಮೇಲೆ ತೂಗಿಬಿಡುವ ಧೈರ್ಯ ನನಗಿಲ್ಲ.

ಪೀಪಾಯಿಗೆ ಕೆಂಪು ಗೆರೆ ಬಿತ್ತು. ಹೊಸದೊಂದನ್ನು ಕೊಳ್ಳತಕ್ಕದ್ದೆಂದಾಯಿತು, ಅದೂ ಆಹಾರ ಪದಾರ್ಥ ತುಂಬಲು ತಕ್ಕದ್ದಾದ ಪ್ಲಾಸ್ಟಿಕಿನದು.

ಎರಡನೆಯದು ಮೂಲ ನೀರು. ತೋಟದ ಮನೆಗಳಲ್ಲಿ ಹಂಚಿನ ಮೇಲೆ ಬಿದ್ದ ಮಳೆಯ ನೀರನ್ನಾಗಲಿ, ತೆರೆದ ಸಿಮೆಂಟು ತೊಟ್ಟಿಯ ನೀರನ್ನಾಗಲಿ ಹಿಡಿಯುವುದು ವಾಡಿಕೆ. ಔಷಧಿ ಹೊಡೆಯುವ ದಿನ ಗಾಳಿಗೆ ತೂರಿದ ತುಂತುರು ಹಂಚಿನ ಮೇಲೂ ತೊಟ್ಟಿಯ ಮೇಲೂ ಬೀಳದಿರುತ್ತದೆಯೆ? ಆದ್ದರಿಂದ ಈಗ ನಮ್ಮ ಊರುಗಳಲ್ಲಿ ನಾಣ್ಯ ಹಾಕಿ ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆಯಲ್ಲ, ಅಂಥಲ್ಲಿಯ ಆರ್.ಓ. ನೀರೇ ಮೇಲು. ಅದರಲ್ಲಿ ಲವಣಗಳೂ ಲೋಹಗಳೂ ಬಹುಮಟ್ಟಿಗೆ ಹೋಗಿರುತ್ತವೆ. 20 ಲೀಟರಿನ ಕ್ಯಾನುಗಳಾದರೆ ಮೊದಲ ಸಲಕ್ಕೆ ಇಪ್ಪತ್ತೈದು. ನೀರಿನಲ್ಲಿ ಕರಗಿದ ವಸ್ತುವನ್ನು ಅಳೆಯುವ ಪೆನ್ನಿನಂಥ ಟಿ.ಡಿ.ಎಸ್. ಮಾಪಕವೊಂದನ್ನು ಕೊಂಡು, ಪ್ರತಿ ಸಲವೂ ಅದ್ದಿ ನೋಡುವುದು ಒಳ್ಳೆಯದು. ಘಟಕದ ಸೋಸುವ ಪೊರೆ ಹಳತಾಗಿದ್ದರೆ ಅದು ಚಾಡಿ ಹೇಳುತ್ತದೆ.

ಮೂರನೆಯ ಗುರುತು ಹಾಕುವಾಗ ನನಗೆ ನಿಜವಾಗಿಯೂ ನೋವಾಯಿತು. ನಕ್ಷೆಯಲ್ಲೆಲ್ಲ ಅತ್ಯಂತ ಜಾಣತನದ ಭಾಗವದು. ಜೂನ್ ತಿಂಗಳಿಂದ ಆಗಸ್ಟ್‌ವರೆಗೆ ಬಾಳ್ಳುಪೇಟೆಯಲ್ಲಿ ಬಿಸಿಲು ಕಾಣುವುದೇ ಅಪರೂಪ. ತೊಟ್ಟಿಯ ನೀರು ತಣ್ಣಗಾಗುತ್ತದೆ. ಮಾಗಿಯ ರಾತ್ರಿಗಳೂ ಹಾಗೆಯೆ. ನಮ್ಮ ಕಡಲಿನ ಅಷ್ಟಪದಿಗಾದರೋ 25 ಡಿಗ್ರಿಯ ಆಸುಪಾಸು ಬೇಕು. ಬಯಲುಸೀಮೆಯಲ್ಲಿ ನೀರನ್ನು ತಂಪುಮಾಡುವ ಯಂತ್ರಕ್ಕಾಗಿ ಹಣ ಸುರಿಯುತ್ತಾರೆ. ಇಲ್ಲಿ ಬೆಚ್ಚಗಿಡುವುದೇ ಸಮಸ್ಯೆ. ಅಳಿಯನು ಇದಕ್ಕೆ ಮಲೆನಾಡಿನದೇ ಪರಿಹಾರವನ್ನು ಹೂಡಿದ್ದನು. ಬಚ್ಚಲ ಒಲೆ ಹೇಗೂ ಹಗಲೆಲ್ಲ ಉರಿಯುತ್ತದೆ, ಹಂಡೆಯ ನೀರು ಹೇಗೂ ಕಾದಿರುತ್ತದೆ. ಆ ಹಂಡೆಯೊಳಗೆ ತಾಮ್ರದ ಸುರುಳಿ ಕೊಳವೆಯೊಂದನ್ನು ಇಳಿಬಿಟ್ಟು, ತೊಟ್ಟಿಯ ನೀರನ್ನು ಅದರೊಳಗೆ ಹರಿಸಿ ತಂದರೆ ವಿದ್ಯುತ್ತಿನ ಖರ್ಚಿಲ್ಲದೆ ಸಮುದ್ರವು ಬೆಚ್ಚಗಾಗುತ್ತದೆ! ಹಂಡೆಯ ಪಕ್ಕಕ್ಕೆ ಎರಡು ತೂತುಗಳನ್ನೂ ಗುರುತಿಸಿದ್ದನು.

ಕಾಫಿ ತಂದಿಟ್ಟ ಅಕ್ಕ ಅಷ್ಟು ಹೊತ್ತೂ ಸುಮ್ಮನೆ ನಿಂತಿದ್ದವಳು, “ಇದೇನೋ, ಅಮ್ಮನ ಕಾಲದ ಹಂಡೆಗೆ ತೂತು ಹೊಡೆಯುತ್ತೀರೇನೋ?” ಎಂದು ಗಾಬರಿಯಾದಳು.

ಬಿಸಿ ಉಪ್ಪುನೀರು ತಾಮ್ರವನ್ನು ತಿನ್ನುತ್ತದೆಂದು ವಿವರಿಸಿದೆ. ಹಂಡೆ ಉಳಿಯಿತು. ಗಾಜಿನ ಕವಚದ ವಿದ್ಯುತ್ ಕಾಯಿಸುವ ಕಡ್ಡಿಗಳು ಎರಡು ಇರಲಿ. ಒಂದು ಕೆಟ್ಟರೆ ಇನ್ನೊಂದು. ವಿದ್ಯುತ್ತಿಲ್ಲದ ದಿನ ಹಂಡೆಯ ಉಪಕಾರವನ್ನು ಬೇರೆ ರೀತಿಯಲ್ಲಿ ಪಡೆಯಬಹುದು. ಎರಡು ಲೀಟರಿನ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಬಿಸಿನೀರು ತುಂಬಿ, ಬಿರಟೆ ಬಿಗಿದು, ಕೆಳಗಿನ ಸೋಸುವ ತೊಟ್ಟಿಯಲ್ಲಿ ತೇಲಿಬಿಡುವುದು. ಕ್ಯಾನಿನ ನೀರು 65 ಡಿಗ್ರಿಯಿಂದ 25ಕ್ಕೆ ಇಳಿಯುವಷ್ಟರಲ್ಲಿ 80 ಕಿಲೋಕ್ಯಾಲೊರಿ ಶಾಖ ಬಿಡುತ್ತದೆ. 500 ಲೀಟರನ್ನು ಒಂದು ಡಿಗ್ರಿ ಏರಿಸಲು 500 ಬೇಕು. ಆರು ಕ್ಯಾನಿಗೆ ಒಂದು ಡಿಗ್ರಿಯೆಂದು ನೆನಪಿಟ್ಟುಕೊಂಡರಾಯಿತು. ತೊಟ್ಟಿಯ ಮೂರು ಪಕ್ಕಕ್ಕೆ ಥರ್ಮೊಕೋಲ್ ಹಲಗೆಯನ್ನು ಅಂಟಿಸಿದರೆ ಬಂದ ಶಾಖ ಬೇಗ ಹೋಗುವುದಿಲ್ಲ.

ತಾಮ್ರದ ಮಾತನ್ನು ಮುಗಿಸುವ ಮುನ್ನ ಇನ್ನೊಂದು. ಹಿತ್ತಾಳೆಯೂ ತಾಮ್ರವೇ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಾಮ್ರ. ಹಿತ್ತಾಳೆಯ ನಲ್ಲಿ, ಹಿತ್ತಾಳೆಯ ಗೇಟ್ ವಾಲ್ವ್, ಪ್ಲಾಸ್ಟಿಕ್ ಎಲ್ಬೋವಿನ ಒಳಗೆ ಗುಪ್ತವಾಗಿ ಕೂರಿಸಿರುವ ಹಿತ್ತಾಳೆಯ ಮರೆ ಇವು ಯಾವುವೂ ಉಪ್ಪುನೀರನ್ನು ಮುಟ್ಟಬಾರದು. ಕೊಳಾಯಿಯೆಲ್ಲವೂ ಪಿ.ವಿ.ಸಿ. ಆಗಿರತಕ್ಕದ್ದು. ಪಂಪು ಸಹ ಮೀನಿನ ತೊಟ್ಟಿಗೆಂದೇ ಮಾಡಿದ, ಪಿಂಗಾಣಿ ದಂಡದ್ದಾಗಿರಬೇಕು. ಔಷಧಿ ಹೊಡೆದು ಬಂದವರು ಮೊಣಕೈವರೆಗೆ ಸಾಬೂನಿನಿಂದ ತೊಳೆದು, ಆ ಸಾಬೂನನ್ನೂ ಚೆನ್ನಾಗಿ ತೊಳೆದುಕೊಂಡು, ಅನಂತರ ತೊಟ್ಟಿಯ ಹತ್ತಿರ ಬರಬೇಕು. ಸ್ಪ್ರೇ ನಡೆದ ಗದ್ದೆಯಂಚಿನ ಏಡಿಗಳನ್ನು ಹಿಡಿದು ತಂದು ಅದಕ್ಕೆ ತಿನ್ನಿಸುವುದೂ ಬೇಡ.

ಇನ್ನು ಉಪ್ಪು. ಕಡಲಿನ ನೀರನ್ನೇ ಕ್ಯಾನುಗಳಲ್ಲಿ ತರಬಾರದೇಕೆ ಎಂದು ಓದುಗರಲ್ಲಿ ಕೆಲವರು ಕೇಳಿಯಾರು. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ಕೆಂಪುನೀರು ಬೆರೆತು ಮಂಗಳೂರಿನ ದಡದ ಸಮುದ್ರ ಸಪ್ಪೆಯಾಗಿರುತ್ತದೆ. ಬಂದರಿನ ಬಳಿ ಎಣ್ಣೆಯ ಜಿಡ್ಡು. ಇಷ್ಟರ ಮೇಲೆ ಶಿರಾಡಿ ಘಟ್ಟದ ರಸ್ತೆ ಯಾವಾಗ ತೆರೆದಿದ್ದೀತು, ಯಾವಾಗ ಮುಚ್ಚೀತೆಂಬುದನ್ನು 2018ರ ಆಗಸ್ಟಿನಲ್ಲಿಯೂ 2024ರ ಜುಲೈಯಲ್ಲಿಯೂ ಗುಡ್ಡ ಕುಸಿದಾಗ ನೋಡಿದ್ದೇವೆ. ಆದ್ದರಿಂದ ಮೀನಿನ ತೊಟ್ಟಿಗಾಗಿ ಮಾರುವ ಕಡಲುಪ್ಪನ್ನೇ ಕೊಳ್ಳಬೇಕು. ಅಡಿಗೆಯ ಉಪ್ಪು ಕೆಲಸಕ್ಕೆ ಬಾರದು. ಸಮುದ್ರದ ಲವಣದಲ್ಲಿ ಏಳನೆಯ ಒಂದು ಪಾಲಿನಷ್ಟು ಮೆಗ್ನೀಸಿಯಂ, ಕ್ಯಾಲ್ಸಿಯಂ, ಗಂಧಕದ ಲವಣ ಮೊದಲಾದವು ಇವೆ. ಲೀಟರಿಗೆ 35 ಗ್ರಾಮಿನಂತೆ 500 ಲೀಟರಿಗೆ ಹದಿನೇಳೂವರೆ ಕಿಲೋ. ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪಲ್ಲ. ಕಡಿಮೆಯಾದಷ್ಟಕ್ಕೆ ಸಿಹಿನೀರನ್ನೇ ಹಾಕಬೇಕು.

ಸೋಸುವ ವಿಚಾರಕ್ಕೆ ಬಂದಾಗ ಅಳಿಯನು ಕತ್ತೆತ್ತಿದನು. ಈ ಭಾಗವನ್ನು ಅವನು ನಿಜವಾಗಿ ಅಭ್ಯಾಸ ಮಾಡಿದ್ದನು. ಮೇಲೆ ನಾಲ್ಕು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿ. ಅದರ ಕೆಳಗೆ ಮೂರಡಿಯ ಇನ್ನೊಂದು, ಅದಕ್ಕೆ ‘ಸಂಪು’ ಎಂದೇ ಬರೆದಿದ್ದನು. ಮೇಲಿನ ನೀರು ತುಂಬಿ ಅಂಚನ್ನು ಮೀರಿ ಕೊಳವೆಯಲ್ಲಿ ಸಂಪಿಗೆ ಇಳಿಯುತ್ತದೆ. ಅಲ್ಲಿ ಶುದ್ಧವಾಗಿ ಪಂಪಿನಿಂದ ಮೇಲೇರುತ್ತದೆ. ಈ ಉಪಾಯಕ್ಕೆ ವಯಸ್ಸಾಗಿದೆ. ಸಮುದ್ರದ ಜೀವಿಗಳನ್ನು ಅಭ್ಯಾಸ ಮಾಡಲೆಂದು ಗಾಜಿನ ತೊಟ್ಟಿಯನ್ನು 1832ರಲ್ಲಿ ಮೊದಲು ಮಾಡಿಸಿದವಳು ಸಿಸಿಲಿ ದ್ವೀಪದ ಮೆಸ್ಸಿನಾ ಪಟ್ಟಣದಲ್ಲಿ ನೆಲೆಸಿದ್ದ ಜೀನ್ ವಿಲ್‌ಪ್ರೋ-ಪವರ್ ಎಂಬ ಫ್ರೆಂಚ್ ಮಹಿಳೆ. ಅವಳು ಅಭ್ಯಾಸ ಮಾಡಿದ್ದೂ ಅಷ್ಟಪದಿಯ ಕುಲಕ್ಕೆ ಸೇರಿದ, ಚಿಪ್ಪು ಕಟ್ಟುವ ಆರ್ಗೊನಾಟ್ ಎಂಬ ಪ್ರಾಣಿಯನ್ನೇ. ಅವಳಿಗೆ ಕಡಲು ಮನೆಯ ಬಾಗಿಲಿನಲ್ಲಿತ್ತು. ಒಳನಾಡಿನವರ ಕಷ್ಟವನ್ನು ಬಗೆಹರಿಸಿದವನು ವಿಲಿಯಂ ಆಲ್ಫರ್ಡ್ ಲಾಯ್ಡ್. ಅವನು 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ, ಜನ ನೋಡುವ ತೊಟ್ಟಿಗಳಿಗಿಂತ ಎಷ್ಟೋ ದೊಡ್ಡದಾದ ಕತ್ತಲೆಯ ಜಲಾಶಯವನ್ನು ನೆಲದ ಕೆಳಗೆ ಕಟ್ಟಿ, ಒಂದೇ ನೀರನ್ನು ಹಗಲಿರುಳೂ ಸುತ್ತಿಸಿದನು. ಕಾಣುವ ನೀರಿಗಿಂತ ಕಾಣದ ನೀರು ಹೆಚ್ಚಾಗಿರಬೇಕೆಂಬುದು ಅವನ ತತ್ತ್ವ. ಮನೆಯಲ್ಲಿ ಅಷ್ಟು ಸಾಧ್ಯವಿಲ್ಲ. ಆದರೆ ಸಂಪನ್ನು ಚಿಕ್ಕದು ಮಾಡಿ ಹಣ ಉಳಿಸುವುದು ಮಾತ್ರ ತಪ್ಪು.

ಸಂಪಿನೊಳಗೆ ನಡೆಯುವುದನ್ನು ಅರಿಯಲು ತಿಪ್ಪೆಯ ಜ್ಞಾನವಿದ್ದರೆ ಸಾಕು. ಹಸಿ ಸಗಣಿಯನ್ನು ಗಿಡದ ಬುಡಕ್ಕೆ ಹಾಕಿದರೆ ಗಿಡ ಸುಡುತ್ತದೆ. ತಿಪ್ಪೆಯಲ್ಲಿ ಕಳಿತರೆ ಅದೇ ಗೊಬ್ಬರ. ಕಳಿಸುವುದು ಕಣ್ಣಿಗೆ ಕಾಣದ ಜೀವಾಣುಗಳ ಕೆಲಸ. ಪ್ರಾಣಿಯ ಮಲಮೂತ್ರದಿಂದ ಹುಟ್ಟುವ ಅಮೋನಿಯವನ್ನು ಒಂದು ಜಾತಿಯ ಜೀವಾಣುಗಳು ನೈಟ್ರೈಟಾಗಿ ಮಾಡುತ್ತವೆ, ಇನ್ನೊಂದು ಜಾತಿಯವು ಅದನ್ನು ನೈಟ್ರೇಟಾಗಿ. ಮೊದಲೆರಡೂ ವಿಷ, ಮೂರನೆಯದು ಬಹುಮಟ್ಟಿಗೆ ನಿರುಪದ್ರವಿ. ಅದನ್ನು ನೀರು ಬದಲಾಯಿಸಿ ಹೊರಹಾಕಬಹುದು. ಈ ಜೀವಾಣುಗಳು ಕೂರಲು ಜಾಗ ಬೇಕು. ಪರದೇಶಗಳಲ್ಲಿ ಜೀವಾಣು ತುಂಬಿದ ಹವಳದ ಕಲ್ಲುಗಳನ್ನು ಕಡಲಿನಿಂದಲೇ ತಂದು ಹಾಕಿಬಿಡುತ್ತಾರೆ. ನಮ್ಮಲ್ಲಿ 2001ರಿಂದ ಹವಳಗಳು ವನ್ಯಜೀವಿ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ. ಅವುಗಳನ್ನು ಮುಟ್ಟುವುದು ಅಪರಾಧ, ಅದು ನ್ಯಾಯವೂ ಹೌದು. ಹೀಗಾಗಿ ತೂತುತೂತಾದ ಪಿಂಗಾಣಿಯ ಉಂಡೆಗಳನ್ನು ಸಂಪಿನಲ್ಲಿ ತುಂಬಬೇಕು. ಅವುಗಳ ಮೇಲೆ ಜೀವಾಣುಗಳು ತಾವಾಗಿ ನೆಲೆಸಲು ಎರಡು ಮೂರು ತಿಂಗಳು ಬೇಕು. ಈ ಅವಧಿಯನ್ನು ಹಣದಿಂದ ಕೊಳ್ಳಲಾಗದು.

ಇನ್ನೊಂದು ಉಪಕರಣವನ್ನು ನಾನು ಮೆಚ್ಚಿದೆ. ಎತ್ತರದ ಕೊಳವೆಯೊಳಗೆ ಸಣ್ಣ ಗಾಳಿಗುಳ್ಳೆಗಳನ್ನು ಬಿಟ್ಟರೆ ನೀರಿನ ಜಿಡ್ಡೂ ಕೊಳೆಯೂ ನೊರೆಯಾಗಿ ಮೇಲೇರಿ ಬಟ್ಟಲಿಗೆ ಬೀಳುತ್ತವೆ. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲಿನ ಕೊಳೆನೊರೆಯನ್ನು ಜಾಲರಿಯಿಂದ ಎತ್ತಿ ಹಾಕುವುದಿಲ್ಲವೆ? ಅದೇ ಕ್ರಮ. ಇದಕ್ಕೆ ಪ್ರೋಟೀನ್ ಸ್ಕಿಮ್ಮರ್ ಎಂದು ಹೆಸರು. ಅಷ್ಟಪದಿಯ ತೊಟ್ಟಿಗೆ ಅಂಗಡಿಯವನು ಹೇಳಿದ ಅಳತೆಗಿಂತ ಒಂದು ಅಳತೆ ದೊಡ್ಡದನ್ನೇ ಕೊಳ್ಳಬೇಕು. ಮಸಿ ಕಾರಿದ ದಿನಕ್ಕಾಗಿ ಒಂದು ಚೀಲ ಇದ್ದಿಲಿನ ಹರಳೂ, ಕಲಸಿಟ್ಟ ನೂರು ಲೀಟರು ಉಪ್ಪುನೀರೂ ಸದಾ ಸಿದ್ಧವಾಗಿರಲಿ.

ಕೊಳಾಯಿಗಳ ಜೋಡಣೆಯಲ್ಲಿ ನನಗೆ ಕಂಡ ದೋಷವೆಂದರೆ, ಅವನು ನೀರನ್ನು ಕುರಿತು ಯೋಚಿಸಿದ್ದನೇ ಹೊರತು ಒಳಗಿನ ಕೈದಿಯನ್ನು ಕುರಿತು ಯೋಚಿಸಿರಲಿಲ್ಲ. ಅಷ್ಟಪದಿಯ ದೇಹದಲ್ಲಿ ಗಟ್ಟಿಯಾದದ್ದು ಗಿಳಿಯ ಕೊಕ್ಕಿನಂಥ ಬಾಯಿ ಮಾತ್ರ. ಅದು ತೂರುವ ಕಿಂಡಿಯಲ್ಲಿ ಇಡೀ ಪ್ರಾಣಿ ತೂರುತ್ತದೆ. ನ್ಯೂಜಿಲೆಂಡಿನ ನೇಪಿಯರ್ ಪಟ್ಟಣದ ಜಲಚರ ಶಾಲೆಯಲ್ಲಿದ್ದ ಇಂಕಿ ಎಂಬ ಅಷ್ಟಪದಿಯ ಸಾಹಸ 2016ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ರಾತ್ರಿ ಮುಚ್ಚಳ ಸ್ವಲ್ಪ ಸರಿದಿದ್ದದ್ದೇ ಸಾಕಾಗಿ, ಅದು ಹೊರಬಂದು, ನೆಲದ ಮೇಲೆ ತೆವಳಿ, 50 ಮೀಟರು ಉದ್ದದ ಚರಂಡಿ ಕೊಳವೆಯಲ್ಲಿ ಇಳಿದು ಕಡಲನ್ನು ಸೇರಿತು. ಇನ್ನೊಂದು, 2009ರಲ್ಲಿ ಅಮೆರಿಕದ ಸಾಂಟಾ ಮೋನಿಕಾದಲ್ಲಿ, ತೊಟ್ಟಿಯೊಳಗಿದ್ದ ಕವಾಟವೊಂದನ್ನು ಬಿಚ್ಚಿ ರಾತ್ರೋರಾತ್ರಿ 750 ಲೀಟರಿನಷ್ಟು ನೀರನ್ನು ನೆಲಕ್ಕೆ ಹರಿಸಿತು. ಇಂಕಿಗೆ ಸಮುದ್ರ ಸಿಕ್ಕಿತು. ಅಕ್ಕನ ಮನೆಯಿಂದ ಹೊರಟದ್ದಕ್ಕೆ ಸಿಕ್ಕುವುದು ಕಾಫಿ ಕಣ.

ಆದಕಾರಣ ಕವಾಟಗಳೆಲ್ಲ ಹೊರಗಿರಬೇಕು. ನೀರು ಹೊರಹೋಗುವ ಬಾಯಿಗೆ ಒರಟು ಸ್ಪಂಜನ್ನು ತುರುಕಿ, ಅದರ ಮೇಲೆ ಪ್ಲಾಸ್ಟಿಕ್ ಜಾಲರಿ ಕಟ್ಟಬೇಕು. ಸ್ಪಂಜು ಕಟ್ಟಿಕೊಂಡರೆ ತೊಟ್ಟಿ ಉಕ್ಕುತ್ತದೆ. ಅದಕ್ಕಾಗಿ ಒಂದಂಗುಲ ಮೇಲೆ ಎರಡನೆಯ ಹೊರಹರಿವಿನ ಕೊಳವೆ, ಅದಕ್ಕೂ ಜಾಲರಿ. ಮುಚ್ಚಳ ದಪ್ಪ ಅಕ್ರಿಲಿಕ್ ಹಲಗೆಯದಾಗಿ, ನಾಲ್ಕು ಕಡೆ ಕೊಂಡಿ ಹಾಕುವಂತಿರಲಿ. ವಿದ್ಯುತ್ ತಂತಿ ಹೊರಬರುವ ಕಿಂಡಿಯನ್ನು ಮರೆಯುವವರೇ ಹೆಚ್ಚು.

ವಿದ್ಯುತ್ ಹೋದಾಗ ಏನಾಗುತ್ತದೆ? ಪಂಪು ನಿಂತೊಡನೆ ಅಂಚಿನ ಮೇಲಿರುವ ಎರಡು ಸೆಂಟಿಮೀಟರು ನೀರು ಕೆಳಗಿಳಿಯುತ್ತದೆ. ಅದು 14 ಲೀಟರು. ಕೊಳವೆಯದೂ ಸೇರಿ 20 ಎನ್ನಿ. ಆದರೆ ನಕ್ಷೆಯಲ್ಲಿ ನೀರು ಮರಳಿಸುವ ಕೊಳವೆಯ ಬಾಯಿ ಮೇಲ್ಮೈಯಿಂದ ಹತ್ತು ಸೆಂಟಿಮೀಟರು ಒಳಗಿತ್ತು. ಪಂಪು ನಿಂತಾಗ ಅದೇ ಕೊಳವೆ ಹಿಮ್ಮುಖವಾಗಿ ಹೀರತೊಡಗಿ, 70 ಲೀಟರಿಗಿಂತ ಹೆಚ್ಚು ನೀರು ಸಂಪಿಗೆ ಬಂದು ಬೀಳುತ್ತದೆ. ಸಂಪಿನಲ್ಲಿ ಖಾಲಿ ಇರುವುದು 80. ಅಂಚಿಗೆ ಬಂದು ನಿಂತಂತಾಯಿತು. ನೀರಿನ ಮಟ್ಟದ ಕೆಳಗೇ ಆ ಕೊಳವೆಗೊಂದು ಚಿಕ್ಕ ರಂಧ್ರ ಕೊರೆದರೆ ಗಾಳಿ ಹೊಕ್ಕು ಹೀರುವಿಕೆ ನಿಲ್ಲುತ್ತದೆ. ಎನ್.ಆರ್.ವಿ. ಹಾಕುತ್ತೇನೆಂದನು. ಹಾಕಲಿ, ಆದರೆ ನಂಬಬಾರದು. ಉಪ್ಪಿನ ಕಾಟು ಕುಳಿತರೆ ಅದು ಮುಚ್ಚುವುದಿಲ್ಲ.

ಮುಂಗಾರಿನಲ್ಲಿ ತಂತಿಯ ಮೇಲೆ ಮರ ಬಿದ್ದರೆ ಎರಡು ದಿನ, ಮೂರು ದಿನ ಕತ್ತಲೆಯಿರುವುದು ಈ ಸೀಮೆಗೆ ಹೊಸದಲ್ಲ. 150 ಆಂಪಿಯರ್-ಗಂಟೆಯ ಬ್ಯಾಟರಿಯೊಂದನ್ನು ತೊಟ್ಟಿಗೇ ಮೀಸಲಿಟ್ಟರೆ, 40 ವಾಟಿನ ಪಂಪನ್ನೂ ಐದು ವಾಟಿನ ಗಾಳಿಪಂಪನ್ನೂ ಒಂದು ಹಗಲು ಒಂದು ರಾತ್ರಿ ನಡೆಸಬಹುದು. ಅನಂತರ ಗಾಳಿಪಂಪು ಮಾತ್ರ. ಗಾಳಿಯ ಕಲ್ಲು ಒಂದು ಮೇಲೆ, ಒಂದು ಸಂಪಿನಲ್ಲಿ. ಸಂಪಿನ ಜೀವಾಣುಗಳಿಗೂ ಉಸಿರು ಬೇಕಷ್ಟೆ. ಕಾಯಿಸುವ ಕಡ್ಡಿಗಳನ್ನು ಬ್ಯಾಟರಿಗೆ ಜೋಡಿಸಿದರೆ ನಾಲ್ಕು ಗಂಟೆಯಲ್ಲಿ ಎಲ್ಲವೂ ಮುಗಿಯಿತು. ಉಪ್ಪುನೀರು ವಿದ್ಯುತ್ತನ್ನು ಬಲು ಚೆನ್ನಾಗಿ ಹರಿಸುತ್ತದೆ. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇಲ್ಲದೆ ತೊಟ್ಟಿಗೆ ಸಂಪರ್ಕ ಕೊಡಕೂಡದೆಂದು ಹಾಳೆಯ ನೆತ್ತಿಯ ಮೇಲೆಯೇ ಬರೆಯಿಸಿದೆ. ಅಷ್ಟಪದಿಯ ಮಾತು ಹಾಗಿರಲಿ, ಅಳಿಯ ಒಬ್ಬನೇ.

ಹೊರಹಾಕುವ ನೀರನ್ನು ಅವನು ಮರೆತೇ ಇದ್ದನು. ವಾರಕ್ಕೆ ಹತ್ತರಲ್ಲೊಂದು ಪಾಲು ಬದಲಿಸಿದರೆ 50 ಲೀಟರು. ಅದರಲ್ಲಿ ಒಂದೂಮುಕ್ಕಾಲು ಕಿಲೋ ಉಪ್ಪು, ವರ್ಷಕ್ಕೆ 91 ಕಿಲೋ. “ಕಾಫಿ ಗಿಡಕ್ಕೆ ಹಾಕಿಬಿಡುತ್ತೇನೆ” ಎಂದು ಅವನು ಹೇಳಿದ್ದು ಅವನಪ್ಪನ ಕಿವಿಗೆ ಬೀಳಲಿಲ್ಲ, ಪುಣ್ಯ. ಬೇಸಗೆಯಲ್ಲಿ ಅಗಲವಾದ ಕರಿಯ ಪ್ಲಾಸ್ಟಿಕ್ ತಟ್ಟೆಗಳಲ್ಲಿ, ಕಣದಿಂದ ದೂರ, ಬಿಸಿಲಿಗೆ ಒಣಗಿಸಿ ಉಪ್ಪನ್ನು ಕೆರೆದು ತೆಗೆಯುವುದು. ಮಳೆಗಾಲದಲ್ಲಿ ಬಾವಿಗೂ ಗಿಡಗಳಿಗೂ ದೂರವಾಗಿ, ತುಂಬಿ ಹರಿಯುವ ರಸ್ತೆಯ ಮೋರಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುವುದು. ಇದಕ್ಕಿಂತ ಒಳ್ಳೆಯ ದಾರಿ ನನಗೆ ಹೊಳೆಯಲಿಲ್ಲ.

ಸಂಜೆಯಾಗುತ್ತ ಬಂದಿತ್ತು. ಅಕ್ಕ ಕೇಳಿದಳು: “ಇಷ್ಟೆಲ್ಲ ಮಾಡಿದರೆ ಅದು ಎಷ್ಟು ವರ್ಷ ಬದುಕುತ್ತದೆಯೋ?”

ಅಳಿಯನು ನನ್ನ ಮುಖ ನೋಡಿದನು. ನಮ್ಮ ಕಡಲಿನ ಚಿಕ್ಕ ಜಾತಿಯ ಅಷ್ಟಪದಿಗಳ ಆಯುಷ್ಯ ವರ್ಷ, ಒಂದೂವರೆ ವರ್ಷ. ಹೆಣ್ಣಾದರೆ ಮೊಟ್ಟೆಯಿಟ್ಟು, ಅನ್ನಾಹಾರ ಬಿಟ್ಟು ಅದನ್ನು ಕಾದು, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ದೋಣಿಯವರ ಕೈಗೆ ಸಿಕ್ಕುವಷ್ಟರಲ್ಲಿ ಅದರ ಆಯುಷ್ಯ ಎಷ್ಟು ಸವೆದಿದೆಯೋ ಹೇಳುವವರಿಲ್ಲ. ಹೀಗಿರುವಾಗ ಅದನ್ನು ತರುವುದು ಸರಿಯೆ ಎಂಬ ಪ್ರಶ್ನೆ ನನ್ನ ಬಾಯಿಗೆ ಬಂದಿತ್ತು. ಅವನಿಗೂ ಬಂದಿದ್ದಂತೆ ಕಂಡಿತು. ಇಬ್ಬರೂ ಆಡಲಿಲ್ಲ. ಇದ್ದ ಕಾಲವನ್ನಾದರೂ ಅದು ಕೆಟ್ಟ ನೀರಿನಲ್ಲಿ ಕಳೆಯಬಾರದೆಂಬಲ್ಲಿ ಮಾತ್ರ ನಮಗೆ ಭಿನ್ನಾಭಿಪ್ರಾಯವಿರಲಿಲ್ಲ.

ಕೊನೆಗೆ ಆದ ತೀರ್ಮಾನ ಇದು. ಮೇ ತಿಂಗಳಿನಲ್ಲಿ ತೊಟ್ಟಿ, ಸಂಪು, ಕೊಳಾಯಿ ಸಿದ್ಧವಾಗಲಿ. ಅಷ್ಟಪದಿ ಬೇಡ. ಪೇಟೆಯ ಅಂಗಡಿಗಳಲ್ಲಿ ಸಿಕ್ಕುವ ಮಾಲಿ ಮೀನುಗಳನ್ನು ನಿಧಾನವಾಗಿ ಉಪ್ಪುನೀರಿಗೆ ಒಗ್ಗಿಸಿ ಬಿಡುವುದು, ಅವು ಒಗ್ಗುತ್ತವೆ. ಅವುಗಳ ಜೊತೆಗೆ ಕಡಲಿನ ಶಂಖದ ಹುಳು ನಾಲ್ಕು. ಒಂದು ಪೂರ್ತಿ ಮುಂಗಾರು, ಎರಡು ಬೋರ್ಡೋ ಸಿಂಪಡಣೆ, ಬಂದಷ್ಟು ಕತ್ತಲೆ, ಎಲ್ಲವೂ ಕಳೆಯಲಿ. ದೀಪಾವಳಿಯ ಹೊತ್ತಿಗೆ ಮೀನು ಬದುಕಿದ್ದರೆ ಸಾಲದು, ಶಂಖದ ಹುಳುಗಳು ನಾಲ್ಕೂ ಬದುಕಿರಬೇಕು. ಮೀನು ಸಹಿಸುವ ತಾಮ್ರವನ್ನು ಅವು ಸಹಿಸುವುದಿಲ್ಲವಾದ್ದರಿಂದ ಸಾಕ್ಷಿ ಹೇಳತಕ್ಕವು ಅವೇ. ಆಮೇಲೆ ಅಷ್ಟಪದಿಯ ಮಾತು. ತೆಂಗಿನ ಕರಟಗಳನ್ನು ಹೊತ್ತು ತಿರುಗಿ ಅವುಗಳೊಳಗೆ ಅಡಗುವ ಒಂದು ಜಾತಿಯಿದೆಯೆಂದು 2009ರಲ್ಲಿ ಇಂಡೋನೇಷ್ಯದ ಕಡಲಿನಿಂದ ವರದಿಯಾದದ್ದನ್ನು ಹೇಳಿದೆ. ಅಕ್ಕ, “ಕರಟ ಬೇಕಾದಷ್ಟಿವೆ” ಎಂದು ಒಳಗೆ ಹೋದಳು.

ಮರುದಿನ ಬೆಳಗ್ಗೆ ನಾನು ರೈಲಿಗೆ ಹೊರಟಾಗ ಹಿತ್ತಿಲಿನ ಹಳೆಯ ಪೀಪಾಯಿಯ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡಕ್ಷರದ ಬರಹವೊಂದು ಇನ್ನೂ ಹಸಿಯಾಗಿತ್ತು: “ಮೈಲುತುತ್ತ. ಇದನ್ನು ಮುಟ್ಟಿದವರು ತೊಟ್ಟಿಯನ್ನು ಮುಟ್ಟಕೂಡದು.” ತೊಟ್ಟಿಯ ಗಾಜನ್ನು ಇನ್ನೂ ಕೊಂಡಿರಲಿಲ್ಲ.